ಭಾವನವರ ಅಳತೆಕೋಲು

ನಮ್ಮ ಭಾವನವರ ಕ್ಯಾಮೆರಾಕ್ಕೆ ಸಿಕ್ಕುವುದಕ್ಕಿಂತ ಪೊಲೀಸರಿಗೆ ಸಿಕ್ಕುವುದು ವಾಸಿ! ಪೊಲೀಸರು ಯಾವಾಗಲಾದರೊಮ್ಮೆ ಕೋಲು ತೋರಿಸುತ್ತಾರೆ. ಇವರು ಪ್ರತಿ ಫೋಟೊದಲ್ಲೂ ಪಕ್ಕದಲ್ಲೇ ಇಡುತ್ತಾರೆ.

ಭಾವ ಎಂದರೆ ನನ್ನ ಯಜಮಾನರ ಅಣ್ಣ, ಶಹಾಪುರದಲ್ಲಿ ಡ್ರಾಯಿಂಗ್ ಮಾಸ್ತರಾಗಿ ನಿವೃತ್ತರಾದವರು. ನಮ್ಮ ಸೀಮೆಯಲ್ಲಿ ಹಿಂದೆ ನಡೆದ ಉತ್ಖನನದ ಹಳೇ ಫೋಟೊ, ಮಡಕೆಚೂರು, ಮಣಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ಯಾರು ಬೇಕಾದರೂ ಮೊಬೈಲಿನಲ್ಲಿ ನೋಡುವಂತೆ ಮಾಡುವ ಕೆಲಸಕ್ಕೆ ತಾವಾಗಿಯೇ ಹೋಗಿ ಸೇರಿಕೊಂಡರು. ಕಾರಣವಿತ್ತು. ಆ ಅಗೆತದಲ್ಲಿ ನಮ್ಮ ಅತ್ತೆ ಮಣ್ಣಿನ ಬುಟ್ಟಿ ಹೊತ್ತವರು. ಮಕ್ಕಳು ಸಣ್ಣವರಿದ್ದಾಗಲೇ ತೀರಿಕೊಂಡರು. ಮನೆಯಲ್ಲಿ ಅವರದೊಂದು ಫೋಟೊ ಇಲ್ಲ. ಹಿರಿಯರ ಪೂಜೆಗೆ ಮಡಿಸಿದ ಸೀರೆಯನ್ನೇ ಇಟ್ಟು ಎಡೆ ಹಿಡಿಯುತ್ತೇವೆ.

"ಅಷ್ಟು ಫೋಟೊದಾಗ ಒಂದರಾಗರ ನಮ್ಮವ್ವ ಇರ್ತಾಳ, ತಂಗೆವ್ವ," ಎನ್ನುತ್ತಿದ್ದರು.

ಆ ಕೆಲಸದಲ್ಲಿ ಪ್ರತಿ ವಸ್ತುವಿನ ಪಕ್ಕ ಕರಿ-ಬಿಳಿ ಪಟ್ಟೆಯ ಅಳತೆಕೋಲು ಇಟ್ಟು, ಉತ್ತರ ದಿಕ್ಕು ಗುರುತಿಸಿಯೇ ಫೋಟೊ ತೆಗೆಯಬೇಕಂತೆ. ತೆಗೆಯಲಿ! ನನ್ನ ರೊಟ್ಟಿ ಏನು ಪಾಪ ಮಾಡಿತ್ತು?

"ಭಾವಾ, ಆರಾಕತ್ತೈತ್ರಿ, ಉಣ್ರಿ!"

"ತಡಿಯವ್ವ, ಉತ್ತರ ದಿಕ್ಕು ಯಾವ ಕಡಿ?"

"ದಿಕ್ಕು ಸುಡ್ರಿ, ಪಲ್ಯ ಈ ಕಡಿ ಐತಿ!"

ಉಪ್ಪಿನಕಾಯಿ ಭರಣಿ ಒಡೆದಾಗ ಚೂರುಗಳನ್ನು ತೊಳೆದು, ನಂಬರ್ ಬರೆದು, ಚೀಲಕ್ಕೆ ತುಂಬಿ, 'ಅಡುಗೆಮನೆ, ಮೇಲಿನ ಪದರ' ಎಂದು ಚೀಟಿ ಕಟ್ಟಿದರು.

"ಕೆಳಗಿನ ಪದರದಾಗ ಏನೈತ್ರಿ?"

"ಅಗದ್ರ ಗೊತ್ತಾಗತೈತಿ."

ಆ ದಿನವೆಲ್ಲ ನಾನು ಅಡುಗೆಮನೆ ಬಿಟ್ಟು ಕದಲಲಿಲ್ಲ!

ನನ್ನ ಮಗಳ ಫೋಟೊ ತೆಗೆದು ಸುರಪುರದ ಗಂಡಿನ ಮನೆಗೆ ಕಳಿಸಿದ್ದೂ ಇವರೇ. ಹುಡುಗಿಯ ಪಕ್ಕ ಆಳೆತ್ತರದ ಕೋಲು! ಹುಡುಗನ ತಾಯಿಯ ಫೋನು ಬಂತು: "ಯಕ್ಕಾ, ಕೋಲು ಯಾಕ್ರಿ? ಹುಡುಗಿ ಬಡಿತಾಳೇನ್ರಿ?" ನನಗೆ ನೆಲ ಬಾಯಿಬಿಟ್ಟಿದ್ದರೆ ಸಾಕಿತ್ತು. ದೇವರ ದಯೆ, ಆಕೆಯೇ ನಕ್ಕುಬಿಟ್ಟರು: "ಇರ್ಲಿ ಬಿಡ್ರಿ, ಎತ್ತರದಾಗರ ಸುಳ್ಳಿಲ್ಲ." ಸಂಬಂಧ ಕೂಡಿತು.

ಹೋದ ಸೋಮವಾರ, ನಾನು ದೇವರಿಗೆ ದೀಪ ಹಚ್ಚಿ ಏಳುವಷ್ಟರಲ್ಲಿ, ಭಾವ ಲ್ಯಾಪ್‌ಟಾಪ್ ತಂದು ಮುಂದಿಟ್ಟರು. ಅಗೆದ ಗುಂಡಿಯ ಹಳೇ ಫೋಟೊ. ಗುಂಡಿಯೊಳಗೆ ತಲೆಮೇಲೆ ಸೆರಗು ಹೊದ್ದು, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಅಂಥದೇ ಕರಿ-ಬಿಳಿ ಕೋಲನ್ನು ನೆಟ್ಟಗೆ ಹಿಡಿದು ನಿಂತ ಹೆಂಗಸು. ನನ್ನ ಯಜಮಾನರ ಮೂಗು, ನನ್ನ ಮಗಳ ಗದ್ದ!

ಭಾವ ಕೋಲಿನ ಪಟ್ಟೆಗಳನ್ನು ಎಣಿಸಿ ಅತ್ತೆಯ ಎತ್ತರ ಲೆಕ್ಕ ಹಾಕಿ, ಬಾಗಿಲ ಚೌಕಟ್ಟಿಗೆ ಪೆನ್ಸಿಲಿನಿಂದ ಗೆರೆ ಎಳೆದು, ಪಕ್ಕದಲ್ಲಿ ನಿಂತರು. ಗೆರೆ ಅವರ ಹೆಗಲಮಟ್ಟಕ್ಕೆ ಬಂತು.

"ಇಷ್ಟ ಇದ್ಲೇನವ್ವ ನಮ್ಮವ್ವ? ನಾ ತಲಿ ಎತ್ತಿ ನೋಡ್ತಿದ್ದೆನಲ್ಲ..."

ನಾನು ಗೆರೆಗೆ ಕುಂಕುಮ ಹಚ್ಚಿ ಕೈಮುಗಿದೆ. ಭಾವ ಕ್ಯಾಮೆರಾ ಎತ್ತಿದರು. ರೂಢಿಯಾಗಿತ್ತಲ್ಲ, ನಾನೇ ಅಳತೆಕೋಲು ತಂದು ಚಾಚಿದೆ.

"ಕೋಲು ಬ್ಯಾಡ ತಂಗೆವ್ವ," ಎಂದರು. "ಅವ್ವನ ಬಾಜೂಕ ನೀ ನಿಂದ್ರು."