ವೇದವಲ್ಲಿಯ ಎರಡು ವರ್ಷದ ಡಿಗ್ರಿ

ಜಪಾನಿನ ಓಜಿಮಾದ ಅಪಾರ್ಟ್‌ಮೆಂಟಿನ ಟಪಾಲು ಡಬ್ಬಿಯಲ್ಲಿ, ಪಿಜ್ಜಾ ಜಾಹೀರಾತುಗಳ ನಡುವೆ ಸಿಕ್ಕ ಒಂದು ಕಾಗದ ವೇದವಲ್ಲಿಯ ಶನಿವಾರವನ್ನು ನುಂಗಿ ಹಾಕಿತು. ನಾಲ್ಕು ಸ್ಟೇಷನ್ ಆಚೆಯ ಪುಟ್ಟ ಕಾಲೇಜೊಂದು ಎರಡು ವರ್ಷದ ಡಿಗ್ರಿಗೆ ಕರೆದಿತ್ತು. ಜನರಲ್ ಸ್ಟಡೀಸ್. ಸ್ವಲ್ಪ ಇತಿಹಾಸ, ಸ್ವಲ್ಪ ವಿಜ್ಞಾನ, ಸ್ವಲ್ಪ ಸಾಹಿತ್ಯ, ಪಾಠ ಇಂಗ್ಲಿಷಿನಲ್ಲಿ. ನಲವತ್ತು ದಾಟಿದವರಿಗೂ ಸ್ವಾಗತ. ಉಳಿದಿರುವುದು ಕೆಲವೇ ಸೀಟು, ಅರ್ಜಿ ಇಂದು ಸಂಜೆ ನಾಲ್ಕರವರೆಗೆ.

ಮೈಸೂರಿನಲ್ಲಿ ಬಿ.ಎ. ಎರಡನೇ ವರ್ಷಕ್ಕೇ ಮದುವೆಯಾಗಿ ಪುಸ್ತಕ ಮುಚ್ಚಿದವಳು ವೇದವಲ್ಲಿ. ಕಾಗದವನ್ನು ಮೂರು ಸಲ ಓದಿದಳು. ಗಂಡ ಉಮಾಶಂಕರ್ ಲ್ಯಾಪ್‌ಟಾಪಿನಿಂದ ತಲೆಯೆತ್ತದೆ, "ಸೇರ್ಕೋ. ಆದ್ರೆ ನಾಲ್ಕು ಜನರನ್ನ ಒಂದು ಮಾತು ಕೇಳು," ಎಂದ.

ಎಡವಟ್ಟಾದದ್ದು ಅಲ್ಲೇ.

ಮೂರನೇ ಮಹಡಿಯ ಕಾತ್ಯಾಯಿನಿ, ಹೊಸದಾಗಿ ಬಂದಾಗ ಯಾವ ಕಸವನ್ನು ಯಾವ ವಾರ ಹಾಕಬೇಕೆಂದು ಕಲಿಸಿ ಇವಳ ಮಾನ ಉಳಿಸಿದವಳು. ಉಪಕಾರ ಮರೆಯದ ವೇದವಲ್ಲಿ ಅವಳ ಮಾತನ್ನು ಅರ್ಧಕ್ಕೆ ಬಿಟ್ಟು ಏಳುವಂತಿರಲಿಲ್ಲ. "ಜನರಲ್ ಅಂದ್ರೆ ರೈಲಿನ ಜನರಲ್ ಬೋಗಿ ಥರ ಅಕ್ಕ. ಯಾರು ಬೇಕಾದ್ರೂ ಹತ್ತಬಹುದು, ಕೂರಕ್ಕೆ ಮಾತ್ರ ಜಾಗ ಇರಲ್ಲ," ಎಂದು ಕಾತ್ಯಾಯಿನಿ ಎರಡು ಲೋಟ ಕಾಫಿಯಷ್ಟು ಹೊತ್ತು ತಿಳಿಹೇಳಿದಳು. ಆಮೇಲೆ ಕಾಗದದ ಫೋಟೊ ತೆಗೆದುಕೊಂಡಳು, ನಿಧಾನವಾಗಿ ಓದಲಿಕ್ಕೆಂದು.

ಐದನೇ ಮಹಡಿಯ ಜ್ಯೋತ್ಸ್ನಾ, ಇವಳ ಮಗಳು ತನ್ವಿಗೆ ಜ್ವರ ಬಂದಾಗ ಆಸ್ಪತ್ರೆಯಲ್ಲಿ ಜಪಾನಿ ಮಾತಾಡಿ ಕೈಹಿಡಿದವಳು. ಅವಳ ಪ್ರಕಾರ ಓದಿದರೆ ಡೇಟಾ ಸೈನ್ಸ್ ಓದಬೇಕು, ಇಲ್ಲದಿದ್ದರೆ ಸುಮ್ಮನಿರಬೇಕು. ಉಪ್ಪಿಟ್ಟು ಬಡಿಸಿ ಏಳು ವಿಡಿಯೊ ತೋರಿಸಿದಳು. ಅವಳೂ ಫೋಟೊ ತೆಗೆದುಕೊಂಡಳು.

ಎರಡೂವರೆಗೆ ಸೈಕಲ್ ಸ್ಟ್ಯಾಂಡಿನಲ್ಲಿ ಹರಿಪ್ರಸಾದ ಸಿಕ್ಕರು. ಲಿಫ್ಟ್ ಕೆಟ್ಟ ದಿನ ಇವರ ಫ್ರಿಜ್ಜಿಗೆ ಹೆಗಲು ಕೊಟ್ಟವರು. ಡಿಗ್ರಿಯ ಲಾಭ ನಷ್ಟಗಳನ್ನು ಮೂಲದಿಂದ ವಿವರಿಸಿ ಮುಗಿಸುವಾಗ ಮೂರೂಕಾಲು. ಎಲ್ಲ ಕೇಳಿದ ಮೇಲೆ ವೇದವಲ್ಲಿಗೆ ಒಂದೇ ಸ್ಪಷ್ಟವಾಯಿತು: ತನಗೆ ಆ ಜನರಲ್ ಸ್ಟಡೀಸೇ ಬೇಕು.

ಪೆಡಲು ತುಳಿದಳು. ಎದುರುಗಾಳಿ ಅತ್ತೆಯಂತೆ ಹಿಂದಕ್ಕೆ ತಳ್ಳಿತು. ಪ್ರತಿ ಸಿಗ್ನಲ್ಲೂ ಇವಳನ್ನು ನೋಡಿಯೇ ಕೆಂಪಾಯಿತು. ಕಾಲೇಜಿನ ಬಾಗಿಲು ಮುಟ್ಟಿದಾಗ ನಾಲ್ಕಕ್ಕೆ ಎಂಟು ನಿಮಿಷ ಬಾಕಿ.

ಕಚೇರಿಯ ಸಿಬ್ಬಂದಿ ಮೋರಿ ಸಾನ್ ಸೊಂಟ ಬಾಗಿಸಿ "ಸುಮಿಮಾಸೆನ್" ಎಂದು ಕ್ಷಮೆ ಕೇಳಿದರು. ಬೆಳಗ್ಗೆ ಎರಡು ಸೀಟು ಉಳಿದಿದ್ದವಂತೆ. ಈಗಷ್ಟೇ ಅವೂ ಭರ್ತಿಯಾದವು. ಬರುವ ವರ್ಷದಿಂದ ಈ ಕೋರ್ಸೇ ಇಲ್ಲವಂತೆ.

ಒಳಗಿನ ಬೆಂಚಿನಿಂದ ಕಾತ್ಯಾಯಿನಿಯೂ ಜ್ಯೋತ್ಸ್ನಾಳೂ ಎದ್ದು ಬಂದರು.

"ನಿಮಗೆ ಬೇಡ ಬೇಡ ಅಂತ ಹೇಳ್ತಾ ಹೇಳ್ತಾ ನನಗೇ ಬೇಕು ಅನ್ನಿಸಿಬಿಡ್ತು ಅಕ್ಕ," ಎಂದಳು ಕಾತ್ಯಾಯಿನಿ. ಅವಳ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. ತನಗೂ ಹಾಗೇ ಆಯಿತೆಂದು ಜ್ಯೋತ್ಸ್ನಾ ತಲೆಯಾಡಿಸಿದಳು. ಕಾತ್ಯಾಯಿನಿಯೂ ಪಿಯುಸಿಗೇ ಓದು ಬಿಟ್ಟವಳೆಂದು ವೇದವಲ್ಲಿಗೆ ಗೊತ್ತಾದದ್ದು ಆಗಲೇ. ಇವಳು ಮನಸ್ಸು ಬದಲಾಯಿಸಿದ್ದಾಳೆಂದು ಇಬ್ಬರೂ ನಂಬಿದ್ದರು. ಬೈಯೋಣವೆಂದರೆ, ಎಷ್ಟು ಕಷ್ಟಕ್ಕೆ ಆದವರು! ಇಬ್ಬರನ್ನೂ ತಬ್ಬಿಕೊಂಡು, ಚೆನ್ನಾಗಿ ಓದಿ ಎಂದಳು.

"ನಿಮ್ಮ ಉಪಕಾರ ಸಾಯೋವರೆಗೂ ಮರೆಯಲ್ಲ," ಎಂದು ಕಾತ್ಯಾಯಿನಿ ಕೈ ಬಿಡದೆ ಮುಂದುವರಿಸಿದಳು. "ಏಪ್ರಿಲ್‌ನಿಂದ ದಿನಾ ಐದರವರೆಗೆ ಕ್ಲಾಸಂತೆ. ನಮ್ಮಿಬ್ರ ಮಕ್ಕಳು ಮೂರಕ್ಕೇ ಸ್ಕೂಲಿಂದ ಬರ್ತಾರೆ. ನೀವು ಹೇಗಿದ್ರೂ ಮನೇಲೇ ಇರ್ತೀರಲ್ಲ ಅಕ್ಕ?"