ಮಾಮಾನ ಅಂಗಡಿಯ ಪುಕ್ಕಟೆ ವಕೀಲರು

ನಮ್ಮ ಮಾಮಾ, ಎಂದರೆ ನನ್ನ ಅವ್ವನ ಅಣ್ಣ, ಹುಟ್ಟಿದಾಗಿನಿಂದ ಯಾರಿಗೂ ಏನನ್ನೂ ಪುಕ್ಕಟೆ ಕೊಟ್ಟವನಲ್ಲ. ಸೊಲ್ಲಾಪುರದಲ್ಲಿ ಅವನದು ಚಾದರ, ಟಾವೆಲುಗಳ ಅಂಗಡಿ. ಗಂಟು ಕಟ್ಟಿಕೊಟ್ಟ ಸುತಳಿ ದಾರವನ್ನು ಸಹ "ಇತ್ತ ಕಡೆ ಬಂದಾಗ ತಂದು ಕೊಡ್ರಿ" ಎಂದು ಗಿರಾಕಿಗೆ ಹೇಳುವ ಮನುಷ್ಯ! ಅಂಥವನು ಕಂಡಕಂಡವರಿಗೆಲ್ಲ ಪುಕ್ಕಟೆಯಾಗಿ ಹಂಚುವ ಮಾಲು ಒಂದೇ ಒಂದು. ವಕೀಲರು!

ನಗಬೇಡಿ. ಮಾಮಾ ಸ್ವತಃ ವಕೀಲನಲ್ಲ. ಕರಿ ಕೋಟು ಅವನ ಮೈಮೇಲೆ ಏರಿದ್ದು ಮದುವೆಯ ದಿನ ಮಾತ್ರ, ಅದೂ ಬಾಡಿಗೆಯದು. ಆದರೆ ಅವನ ಅಂಗಡಿ ಇರುವುದು ಕೋರ್ಟಿಗೆ ಹೋಗುವ ದಾರಿಯಲ್ಲಿ. ಹಳ್ಳಿಯಿಂದ ಬಂದವರು "ಕೋರ್ಟ್ ಎಲ್ಲೈತ್ರಿ?" ಎಂದು ಕೇಳಲು ಮೆಟ್ಟಿಲು ಹತ್ತುತ್ತಾರೆ. ಮೆಟ್ಟಿಲು ಹತ್ತಿದವರನ್ನು ಬರಿಗೈಯಲ್ಲಿ ಇಳಿಸಿದರೆ ಮಾಮಾನಿಗೆ ಅಂದು ಊಟ ಸೇರುವುದಿಲ್ಲ. ಒಮ್ಮೆ ಯಾರೋ ಹೇಳಿದರು, ಕೋರ್ಟಿನ ಆವರಣದಲ್ಲೇ ಕಾನೂನು ನೆರವಿನ ಕಚೇರಿಯಿದೆ, ಬಡವರಿಗೆ ಅಲ್ಲಿ ಸರಕಾರವೇ ವಕೀಲರನ್ನು ಕೊಡುತ್ತದೆ, ಫೀಸಿಲ್ಲ ಎಂದು. ಮುಗಿಯಿತು! ಅಂದಿನಿಂದ ನೋಟೀಸು ಹಿಡಿದು ಬಂದವರನ್ನೆಲ್ಲ ಕೈಹಿಡಿದು ಆ ಕಚೇರಿಗೆ ಮುಟ್ಟಿಸುವುದೇ ಮಾಮಾನ ಕೆಲಸವಾಯಿತು.

ತೊಂದರೆ ಏನೆಂದರೆ, ಪುಕ್ಕಟೆ ಎಂದ ಕೂಡಲೇ ಜನ ಓಡುತ್ತಿದ್ದರು. "ಫುಕಟ್ ವಕೀಲ ಅಂದ್ರ ಕೇಸ್ ಸೋತಂಗ ರಿ!" ಎಂದು ಅವರ ವಾದ. ಮಾಮಾ ಬಿಡುತ್ತಾನೆಯೇ? ತೊಡೆ ತಟ್ಟಿಕೊಂಡು ಶುರುಮಾಡುತ್ತಿದ್ದ.

"ಫುಕಟ್ ಅಂತ ಯಾರ ಅಂದ್ರು? ಇದು ಸರಕಾರಿ ಮಾಲು! ಪರೀಕ್ಷಾ ಪಾಸಾದ ವಕೀಲ! ಎಷ್ಟ ಒಗದ್ರೂ ಬಣ್ಣ ಹೋಗಂಗಿಲ್ಲ, ಜಗ್ಗಿದ್ರ ಹರ್ಯಂಗಿಲ್ಲ!"

ಕೇಳಿದವರಿಗೆ ಆ ವಕೀಲನನ್ನು ಹೊದ್ದುಕೊಳ್ಳಬೇಕೋ ಹಾಸಿಕೊಳ್ಳಬೇಕೋ ತಿಳಿಯುತ್ತಿರಲಿಲ್ಲ. ಆದರೂ ಹೋಗುತ್ತಿದ್ದರು.

ಒಂದು ದಿನ ಊಟಕ್ಕೆ ಕೂತಾಗ ಮಾಮಾ ದೊಡ್ಡ ಸುದ್ದಿಯೆಂಬಂತೆ ಹೇಳಿದ: "ಹೆಣ್ಮಕ್ಕಳಿಗಂತೂ ಗಳಿಕಿ ಎಷ್ಟರ ಇರ್ಲಿ, ಕೇಳಿದ್ರ ವಕೀಲ ಕೊಡ್ತಾರ."

ಮಾಮಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಹೌದೇನ್ರಿ? ಹಂಗಾರ ನಾಳೆ ನನಗೂ ಒಬ್ಬ ಚಲೋ ವಕೀಲನ್ನ ತಗದ ಇಡ್ರಿ. ನಿಮ್ಮ ಮ್ಯಾಲ ಭಾಳ ದಿನದಿಂದ ಒಂದ ಕೇಸ್ ಹಾಕೂದೈತಿ."

ಮಾಮಾ ಶೇಂಗಾ ಚಟ್ನಿಯನ್ನು ಸಹ ಕೇಳದೆ ಊಟ ಮುಗಿಸಿ ಎದ್ದ!

ಇಷ್ಟೆಲ್ಲ ಓಡಾಡಿದರೂ ಅಂಗಡಿಯ ಶಟರ್ ಮಾತ್ರ ಇಳಿಯುತ್ತಿರಲಿಲ್ಲ. ಇವನಿಲ್ಲದಾಗ ಗಲ್ಲಾಪೆಟ್ಟಿಗೆಯ ಮುಂದೆ ಮಾಮಿ. ಹಬ್ಬ ಬರಲಿ, ಬಂದ್ ಬರಲಿ, ಅಂಗಡಿ ತೆರೆದೇ ಇರಬೇಕು. ಹಿಂದೆ ವರ್ಷಕ್ಕೆ ಒಂದೇ ದಿನ ಮುಚ್ಚುತ್ತಿತ್ತು, ನಾಗರಪಂಚಮಿಗೆ. ಅಂದು ಮಾಮಾ ನಮ್ಮೂರು ಭಂಡಾರಕವಠೆಗೆ ಬಂದು ನಮ್ಮ ಅವ್ವನನ್ನು ತವರಿಗೆ ಕರೆದುಕೊಂಡು ಹೋಗಿ, ಹಬ್ಬದ ಜೋಕಾಲಿ ಕಟ್ಟಿಕೊಡುತ್ತಿದ್ದ. ಅವ್ವ ತೀರಿಕೊಂಡ ಮೇಲೆ ಪಂಚಮಿಗೂ ಅಂಗಡಿ ತೆರೆದಿಡತೊಡಗಿದ. "ಸುಮ್ನ ಯಾಕ ಮುಚ್ಚೂದು?" ಎನ್ನುತ್ತಿದ್ದ, ಅಷ್ಟೇ.

ಹೋದ ಬೇಸಿಗೆಯಲ್ಲಿ ಆ ಮೆಟ್ಟಿಲು ಹತ್ತಿ ಬಂದವಳು ಕರಜಗಿಯ ಮಾಳವ್ವ. ಕುರಿ ಕಾಯುವ ಹೆಂಗಸು. ಗಂಡ ಸತ್ತ ಮೇಲೆ ಮೈದುನ ಅವಳ ಮನೆಗೆ ಕೀಲಿ ಜಡಿದಿದ್ದ.

"ಗಂಡು ಮಗ ಇಲ್ಲದಾಕಿಗೆ ಮನಿ ಯಾತಕ್ಕ ಅಂತಾನ್ರಿ. ನಾನೂ ಮಗಳೂ ಮಂದಿ ದನದ ಕೊಟ್ಟಿಗ್ಯಾಗ ಮಲಗಾಕತ್ತೀವಿ" ಎಂದಳು.

"ತವರಮನಿಯವ್ರು ಯಾರಿಲ್ಲೇನವಾ?"

"ಅವ್ವ ಅಪ್ಪ ಹೋದ್ರು. ಅಣ್ಣತಮ್ಮ ಹುಟ್ಟೇ ಇಲ್ರಿ."

ಮಾಮಾ ಗಲ್ಲಾಪೆಟ್ಟಿಗೆಯ ಮೇಲೆ ಬೆರಳು ಬಡಿಯುತ್ತ ಕೂತ. ಆಮೇಲೆ, "ಊರು ಅಕ್ಕಲಕೋಟ ತಾಲೂಕು, ನಿಮ್ಮ ಕೋರ್ಟು ಅಲ್ಲೇ ಐತಿ, ಇಲ್ಲಿಗ್ಯಾಕ ಬಂದಿ?" ಎಂದ. "ದೊಡ್ಡ ಕೋರ್ಟಿನ್ಯಾಗ ದೊಡ್ಡ ನ್ಯಾಯ ಸಿಗ್ತೈತಿ ಅಂದ್ರು" ಎಂದಳು ಮಾಳವ್ವ. ಮಾಮಾ ನನ್ನತ್ತ ತಿರುಗಿದ. ನಾನೊಬ್ಬ ಸಾಲಿ ಮಾಸ್ತರ, ರಜೆಯೆಂದು ಹರಟೆಗೆ ಬಂದಿದ್ದೆ. "ಏ ಅಳಿಯಾ, ನಿನಗ ಸೂಟಿ ಐತಲ್ಲ? ಏಳು, ಅಕ್ಕಲಕೋಟಕ್ಕ ನಡಿ!"

ಎಸ್ಟಿ ಬಸ್ಸಿನ ಕಿಟಕಿಯಿಂದ ಮಾಮಾ ತನ್ನ ಅಂಗಡಿಯ ಟಾವೆಲ್ ಎಸೆದು ಸೀಟು ಹಿಡಿದ. ನಾವು ಒಳಗೆ ಹೋಗುವಷ್ಟರಲ್ಲಿ ಅದರ ಮೇಲೆ ದಪ್ಪನೆಯ ಗೃಹಸ್ಥನೊಬ್ಬ ಕೂತಾಗಿತ್ತು. ಜಗಳವಾಗುತ್ತದೆಂದು ನಾನು ಹೆದರಿದರೆ, ಮಾಮಾ ಅವನ ಹೆಗಲ ಮೇಲೆ ಕೈಯಿಟ್ಟು ಕೇಳಿದ್ದೇನು ಗೊತ್ತೇ? "ಮೆತ್ತಗ ಐತಲ್ರಿ? ಡಜನ್ ಬೇಕಂದ್ರ ಅಂಗಡಿಗೆ ಬರ್ರಿ!"

ಅಕ್ಕಲಕೋಟದ ಕಾನೂನು ನೆರವಿನ ಕಚೇರಿಯಲ್ಲಿ ಮಾಳವ್ವನ ಪಾಲಿಗೆ ಬಂದ ವಕೀಲೆ ಇನ್ನೂ ಸಣ್ಣ ವಯಸ್ಸಿನವಳು. ಮರಾಠಿಯಲ್ಲಿ ಮಾತಾಡಿದಳು. ಮಾಳವ್ವನಿಗೆ ಮರಾಠಿ ಅಷ್ಟಕ್ಕಷ್ಟೇ. ಸರಿ, ದುಭಾಷಿಯ ಕೆಲಸವನ್ನು ಮಾಮಾ ತಾನಾಗಿಯೇ ಮೈಮೇಲೆ ಹಾಕಿಕೊಂಡ.

"ಒಂದ ಖೋಲಿ ರಿ. ಮುಂದ ಒಂದ ಬೇವಿನ ಗಿಡ" ಎಂದಳು ಮಾಳವ್ವ.

"ಚಾರ್ ಖೋಲ್ಯಾ ಆಹೇತ್, ಮ್ಯಾಡಮ್! ಮಾಗೆ ವಿಹೀರ್!" ಎಂದ ಮಾಮಾ. ನಾಲ್ಕು ಕೋಣೆ, ಹಿಂದೆ ಬಾವಿ!

ನಾನು ಗಾಬರಿಯಾಗಿ ಅವನ ಅಂಗಿ ಜಗ್ಗಿದೆ. ಅವನು ಕಿವಿಯಲ್ಲಿ ಗುಸುಗುಟ್ಟಿದ: "ಸುಮ್ನ ಕೂಡು. ಮೊದಲ ನಾಕ ಹೇಳಬೇಕು. ಅವ್ರು ಇಳಿಸಿ ಇಳಿಸಿ ಒಂದಕ್ಕ ಬರ್ತಾರ. ಮೊದಲಽ ಒಂದ ಅಂದ್ರ ಗ್ವಾಡಿನೂ ಸಿಗಂಗಿಲ್ಲ!" ಜೀವಮಾನವಿಡೀ ಚಾದರಕ್ಕೆ ರೇಟು ಹೇಳಿದ್ದು ಹೀಗೆಯೇ. ಮನೆಗೂ ಹಾಗೆಯೇ ಹೇಳಿದ್ದಾನೆ, ಪಾಪ!

ವಕೀಲೆ ಪೆನ್ನು ಕೆಳಗಿಟ್ಟಳು. ಅಚ್ಚ ನಮ್ಮ ಕನ್ನಡದಲ್ಲಿ ಹೇಳಿದಳು: "ಮಾಮಾ, ನಮ್ಮಜ್ಜಿ ಸಲಗರದಾಕಿ, ಕನ್ನಡದಾಕಿ. ಈ ತಾಯಿ ಒಂದ ಖೋಲಿ ಅಂದದ್ದು ನನಗ ಕೇಳಿಸೇತಿ. ಬಾವಿ ಯಾವಾಗ ತೋಡಿಸಿದ್ರಿ?"

ಅಯ್ಯೋ, ಆ ಮುಖ ನೋಡಬೇಕಿತ್ತು! ತೋಡಿಸಿದ ಬಾವಿಯಲ್ಲೇ ಹಾರಿಕೊಳ್ಳುವ ಹಾಗಿತ್ತು.

"ಇದು ಬಜಾರ ಅಲ್ರಿ" ಎಂದಳು ವಕೀಲೆ, ಈಗ ನಗದೆ. "ಒಂದ ಸುಳ್ಳು ಸಿಕ್ತಂದ್ರ ಆಕಿ ಖರೇ ಹೇಳಿದ್ದನ್ನೂ ಯಾರೂ ನಂಬಂಗಿಲ್ಲ. ಇದ್ದ ಒಂದ ಖೋಲಿನೂ ಹೋಗ್ತೈತಿ."

ಮಾಮಾ ಮಾಳವ್ವನ ಮುಖ ನೋಡಿದ. ಹೊರಡುವಾಗ ವಕೀಲೆಯನ್ನು ಚಹಾ ಕುಡಿಯೋಣವೆಂದು ಕರೆದ. "ನಾವು ಚಹಾನೂ ತಗೊಳ್ಳಂಗಿಲ್ರಿ" ಎಂದಳು ಅವಳು. ಬಸ್ ಸ್ಟ್ಯಾಂಡಿನವರೆಗೂ ಮಾಮಾನದು ಅದೇ ಮಾತು: "ಚಹಾ ಕುಡಿಯದ ವಕೀಲಿ! ಮಾಲು ಖರೇನ ಚಲೋ ಐತಿ ಬಿಡು!"

ವಕೀಲೆ ಮೈದುನನಿಗೆ ನೋಟೀಸು ಕಳಿಸಿದಳು. ಕೆಲವು ವಾರಗಳ ಮೇಲೆ ಇಬ್ಬರನ್ನೂ ಲೋಕ ಅದಾಲತ್ತಿಗೆ ಕರೆದರು. ಮಾಮಾ ಬರಬಹುದು, ಆದರೆ ತುಟಿ ಬಿಚ್ಚುವಂತಿಲ್ಲ ಎಂಬುದು ವಕೀಲೆಯ ಕರಾರು. ಪಾಪ, ಟಾವೆಲಿನ ಅಂಚು ಕಚ್ಚಿಕೊಂಡು ಕೂತಿದ್ದ.

ಮನೆ ಗಂಡನ ಹೆಸರಿನಲ್ಲಿದೆ, ಅದು ಹೆಂಡತಿಗೂ ಮಗಳಿಗೂ ಸೇರಬೇಕಾದದ್ದು ಎಂದು ವಕೀಲೆ ಕಾಗದ ತೋರಿಸಿದಳು. ಮೈದುನ ತಲೆ ಕೆರೆದುಕೊಂಡು, ಅಂಗಳದಲ್ಲಿ ತಗಡಿನ ಶೆಡ್ಡು ಹಾಕಿಕೊಡುತ್ತೇನೆ ಎಂದ. "ನನಗ ನನ್ನ ಮನಿ ಕೀಲಿಕೈ ಬೇಕ್ರಿ. ಮತ್ತೇನೂ ಬ್ಯಾಡ" ಎಂದಳು ಮಾಳವ್ವ.

ಆಗ ಮೈದುನ ಕೊನೆಯ ಬಾಣ ಬಿಟ್ಟ. "ಸಾಹೇಬ್ರ, ಆಕಿಗೆ ಹಿಂದ ಮುಂದ ಯಾರೂ ಇಲ್ಲ. ಒಬ್ಬಾಕಿ ಹೆಂಗಸು ಆ ಮನ್ಯಾಗ ಹೆಂಗ ಇರ್ತಾಳ?"

ನ್ಯಾಯಾಧೀಶರು ಟಾವೆಲ್ ಕಚ್ಚಿಕೊಂಡಿದ್ದ ಮಾಮಾನನ್ನು ನೋಡಿ, "ಹಾಗಾದರೆ ಇವರು ಯಾರು?" ಎಂದು ಕೇಳಿದರು.

"ನಮ್ಮಣ್ಣ ರಿ" ಎಂದಳು ಮಾಳವ್ವ. "ಸೊಲ್ಲಾಪುರದಾಗ ಇರ್ತಾನ."

ಮಾಮಾನ ಬಾಯಿಂದ ಟಾವೆಲ್ ಜಾರಿತು. ಒಂದು ಸುಳ್ಳೂ ನಡೆಯದು ಎಂದಿದ್ದ ನಮ್ಮ ವಕೀಲೆಯೋ, ಫೈಲಿನಲ್ಲಿ ಮುಖ ಹುದುಗಿಸಿ ಏನನ್ನೋ ಭಾರೀ ಹುಡುಕುತ್ತಿದ್ದಳು!

ಅಂದೇ ರಾಜಿಯಾಯಿತು. ಮೈದುನ ಸಹಿ ಹಾಕಿ ಕೀಲಿಕೈಯನ್ನು ಮೇಜಿನ ಮೇಲಿಟ್ಟ. ಮಾಳವ್ವ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಈ ಸಲ ಪಂಚಮಿಯ ದಿನ ಅಂಗಡಿಯ ಕಡೆ ಹೋದೆ. ಶಟರ್ ಇಳಿದಿತ್ತು! ಮಾಮಾನಿಗೆ ಏನಾಯಿತೋ ಎಂದು ಮನೆಗೆ ಓಡಿದೆ. ಮಾಮಿ ಶೇಂಗಾ ಉಂಡಿ ಕಟ್ಟುತ್ತಿದ್ದಳು.

"ಎಲ್ಲಿ ಹೋಗ್ಯಾನ ಮಾಮಾ?"

"ಕರಜಗಿಗೆ, ಮುಂಜಾನಿ ಎಸ್ಟಿಗೆ. ಹೊಸಾ ಚಾದರ ಬಗಲಾಗ ಹಿಡ್ಕೊಂಡ ಹೋಗ್ಯಾರ, ರೇಟಿನ ಚೀಟಿ ಹರದು" ಎಂದಳು ಮಾಮಿ. ಕಣ್ಣೊರೆಸಿಕೊಂಡಳು.

ಮಧ್ಯಾಹ್ನ ಮಾಮಾ ಬಂದ. ಹಿಂದೆ ಆ ಚಾದರ ಹಿಡಿದ ಮಾಳವ್ವ, ಅವಳ ಸೆರಗು ಹಿಡಿದ ಮಗಳು. ನಾನು ನೋಡುತ್ತಲೇ ನಿಂತದ್ದನ್ನು ಕಂಡು ಮಾಮಾ ಗದರಿದ. "ಏನ ನೋಡ್ತೀಯೋ? ಕೋರ್ಟಿನ್ಯಾಗ ಹೇಳಿದ ಮಾತು ಸುಳ್ಳಾಗಬಾರದಲ್ಲ?"

ಆಮೇಲೆ ಧ್ವನಿ ತಗ್ಗಿಸಿ, ಬೇರೆಲ್ಲೋ ನೋಡುತ್ತ ಹೇಳಿದ:

"ಅಟ್ಟದ ಮ್ಯಾಲ ನಿಮ್ಮವ್ವನ ಜೋಕಾಲಿ ಹಗ್ಗ ಐತಿ, ಇಳಸೋ ಅಳಿಯಾ. ತಂಗಿ ಬಂದಾಳ."