ಕೊಟ್ರೇಶ ಅಳಿಸಿದ ಸಾಲುಗಳು

"ಇದು ಪ್ರೋಗ್ರಾಮೇನಲೇ, ನಿಮ್ಮವ್ವಗ ಬರ್ದ ಪತ್ರೇನು? ಎಂಟನೇ ಕ್ಲಾಸಿಗೆ ಸಾಲಿ ಬಿಟ್ಟವನ ಕೈಯಾಗ ಕಂಪ್ಯೂಟರ್ ಕೊಟ್ರ ಹಿಂಗ ಆಗ್ತದ ನೋಡು."

ಮಾನ್ವಿಯ ಅಕ್ಕಿ ಗಿರಣಿಯಲ್ಲಿ, ಹಮಾಲರೆಲ್ಲ ಕೇಳುವಂತೆ ಆನಂದ ಕೊಟ್ರೇಶನಿಗೆ ಅಂದ. ಆನಂದ ಗಿರಣಿ ಸಾಹುಕಾರರ ತಂಗಿಯ ಮಗ, ಮೇಲಾಗಿ ಇಂಜಿನಿಯರ್. ಭತ್ತ ತಂದ ಟ್ರ್ಯಾಕ್ಟರುಗಳಿಗೆ ಪಾಳಿ ಚೀಟಿ ಕೊಡುವ ಪ್ರೋಗ್ರಾಮನ್ನು ಕೊಟ್ರೇಶ ಮೊಬೈಲಿನಲ್ಲಿ ನೋಡಿ ಕಲಿತು, ಆರು ತಿಂಗಳು ಕೂತು ಬರೆದಿದ್ದ. ಆನಂದ ಪರದೆಯ ಮೇಲೆ ನಾಲ್ಕು ಕಡೆ ಬಣ್ಣ ಬದಲಿಸಿದ್ದ, ಅಷ್ಟೇ. ಸಾಹುಕಾರರ ಪಾಲಿಗೆ ಅದು ಇಬ್ಬರ ಕೆಲಸ.

ಕಂಪ್ಯೂಟರು ಓದದೆ ದಾಟಿಹೋಗುವ, ಮನುಷ್ಯರಿಗೆಂದೇ ಬರೆಯುವ ಕಾಮೆಂಟುಗಳನ್ನು ಕೊಟ್ರೇಶ ನಡುನಡುವೆ ಬರೆದಿದ್ದ. ಆನಂದ ಅವನ್ನು ದನಿ ತೆಗೆದು ಓದಿದ: "ದೇವದುರ್ಗದ ಟ್ರ್ಯಾಕ್ಟರ್ ದೂರದಿಂದ ಬರ್ತಾವ, ತಡ ಆದ್ರೂ ಪಾಳಿ ಕಳೀಬ್ಯಾಡ್ರಿ. ಇಲ್ಲಿ ಕೈ ಹಚ್ಚಬ್ಯಾಡ್ರಿ, ಸಾಲು ಕೆಡ್ತದ, ನಿಮ್ಮಪ್ಪನಾಣಿ."

ಹಮಾಲರು ಚೀಲ ಹರಿದು ಭತ್ತ ಸುರಿದಂತೆ ನಕ್ಕರು.

ಸಂಜೆ ರಾಯಚೂರಿನ ಕಂಪನಿಯಿಂದ ಸುಮಂಗಲಾ ಮೇಡಂ ಬರುವವರಿದ್ದರು. ಇಬ್ಬರಲ್ಲಿ ಒಬ್ಬನಿಗೆ ಅಲ್ಲಿ ನೌಕರಿ. ಕೊಟ್ರೇಶ ಅದಕ್ಕೆಂದೇ ಹೊಸ ಅಂಗಿ ತೊಟ್ಟು ಬಂದಿದ್ದ.

ಮಧ್ಯಾಹ್ನದೊಳಗೆ ಸುದ್ದಿ ಚಹಾದಂಗಡಿ ಮುಟ್ಟಿತು. ಅಬ್ದುಲ್ ವಹೀದ್ ಚಹಾ ಕೊಡುತ್ತ, "ಬಿಸಿ ಅದ, ಕೈ ಹಚ್ಚಬ್ಯಾಡ್ರಿ, ನಿಮ್ಮಪ್ಪನಾಣಿ" ಅಂದ. ಕೊಟ್ರೇಶನ ಸಿಟ್ಟು ನೆತ್ತಿಗೇರಿತು. ಹಮಾಲ ಉರುಕುಂದಪ್ಪ ಬೆನ್ನಿಗೇ ಬಂದು, ಮೇಡಂ ಮುಂದೆ ಮರ್ಯಾದೆ ಹೋಗುವ ಮೊದಲು ಆ ಕಾಮೆಂಟುಗಳನ್ನು ಅಳಿಸಿಬಿಡು ಎಂದು ಬುದ್ಧಿ ಹೇಳಿದ. ಗಿರಣಿಗೆ ಮರಳಿ, ಅವನು ನೋಡುತ್ತಿರುವಂತೆಯೇ ಕೊಟ್ರೇಶ ಕೋಳಿಯ ಪುಕ್ಕ ಕಿತ್ತಂತೆ ಒಂದೊಂದೇ ಸಾಲು ಕಿತ್ತ. ಹಳೆಯ ಪ್ರತಿಗಳನ್ನೂ ಬಿಡಲಿಲ್ಲ. ಕಡೆಗೆ ಪ್ರೋಗ್ರಾಮು ಬೋಳಾಗಿ, ಯಾರು ಬರೆದದ್ದೂ ಆಗಿರಬಹುದು ಎಂಬಂತೆ ಕಂಡಿತು.

ಸಂಜೆ ಮೇಡಂ ಪರದೆ ನೋಡಿ ಹುಬ್ಬು ಗಂಟಿಕ್ಕಿದರು. ಸಾಹುಕಾರರು ಹೋದ ವಾರ ಕಳಿಸಿದ್ದ, ಕಾಮೆಂಟುಗಳಿದ್ದ ಪ್ರತಿ ಅವರ ಕೈಯಲ್ಲಿತ್ತು.

"ಕಾಮೆಂಟೆಲ್ಲ ಎಲ್ಲಿ ಹೋದ್ವು? ಪ್ರೋಗ್ರಾಂ ಬರಿಯೋರು ಬೇಕಾದಷ್ಟು ಮಂದಿ ಅದಾರ. ಹಿಂಗ ತಿಳಿಸಿ ಹೇಳವ್ರು ಸಿಗಂಗಿಲ್ಲ. ಅವನ್ನ ಬರ್ದವ್ರನ್ನ ಕರ್ಕೊಂಡು ಹೋಗಾಕ ಬಂದೀನಿ."

ಕೊಟ್ರೇಶ ಬಾಯಿ ತೆರೆಯುವಷ್ಟರಲ್ಲಿ ಆನಂದ ಎದ್ದು ನಿಂತಿದ್ದ. "ಅವು ನಾ ಬರ್ದಿದ್ರಿ ಮೇಡಂ. ಇವ ಹೊಟ್ಟಿಕಿಚ್ಚಿಗೆ ಅಳಿಸ್ಯಾನ. ಉರುಕುಂದಪ್ಪನ್ನ ಕೇಳ್ರಿ."

ಉರುಕುಂದಪ್ಪ ಅಲ್ಲೇ ಕೂತಿದ್ದ ಸಾಹುಕಾರರ ಮುಖ ನೋಡಿದ. ಆಮೇಲೆ ನೆಲ ನೋಡಿದ. "ಅಳಿಸಿದ್ದು ಖರೇ ರೀ. ಕಣ್ಣಾರೆ ಕಂಡೀನಿ."

"ಬರ್ದಾವನೂ ನಾನ ರೀ" ಅಂದ ಕೊಟ್ರೇಶ. ಅವನ ಕಿವಿಗೇ ಅದು ಸುಳ್ಳಿನಂತೆ ಕೇಳಿಸಿತು.

ಮೇಡಂ ಅವನತ್ತ ತಿರುಗಿದರು. "ಇಷ್ಟು ಚಂದ ಬರ್ದವ್ರು ತಮ್ಮ ಕೈಯಾರೆ ಯಾಕ ಅಳಿಸ್ತಾರಪ್ಪಾ?"

ಕೊಟ್ರೇಶ ಚಪ್ಪಲಿ ಮೆಟ್ಟಿದ. ಹೊರಗೆ ಟ್ರ್ಯಾಕ್ಟರುಗಳು ಅವನ ಚೀಟಿ ಹಿಡಿದು, ಒಂದೂ ಹಿಂದೆಮುಂದೆ ಆಗದೆ ಸಾಲಾಗಿ ನಿಂತಿದ್ದವು. ಆ ಸಾಲಿನ ಪಕ್ಕದಲ್ಲೇ, ತಿರುಗಿ ನೋಡದೆ, ರಸ್ತೆಗೆ ನಡೆದುಬಿಟ್ಟ.